ಜುಲೈ ಭಾನುವಾರ, ಸಂಜೆ ಏಳು ಗಂಟೆ: ಮೈಸೂರು ಅರಮನೆಯ ದೀಪಗಳನ್ನು ಫೋಟೋದಲ್ಲಿ ಹಿಡಿಯುವ ಸಮಗ್ರ ಮಾರ್ಗದರ್ಶಿ

ದಸರಾದಲ್ಲಿ ಒಮ್ಮೆಯಾದರೂ ಅರಮನೆಯ ಫೋಟೋ ತೆಗೆಯದ ಮನೆ ಮೈಸೂರಿನಲ್ಲಿ ಸಿಗುವುದು ಕಷ್ಟ. ಆ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿ. ಬಹುಪಾಲು ಒಂದೇ ಥರ ಇರುತ್ತವೆ. ಮೇಲೆ ಕಪ್ಪು ಆಕಾಶ, ಮಧ್ಯೆ ಹಳದಿ ಬೆಳಕಿನ ಒಂದು ಮುದ್ದೆ. ಬಲ್ಬು ಯಾವುದು, ಕಮಾನು ಯಾವುದು ಗೊತ್ತಾಗುವುದಿಲ್ಲ. ಕಣ್ಣಿಗೆ ಕಂಡ ಅರಮನೆ ಫೋಟೋದಲ್ಲಿ ಇರುವುದೇ ಇಲ್ಲ.

ನಾನೂ ಬಹಳ ವರ್ಷ ಹಾಗೇ ತೆಗೆದೆ. ಕ್ಯಾಮೆರಾ ಸರಿಯಿಲ್ಲ ಅಂದುಕೊಂಡು ಕ್ಯಾಮೆರಾ ಬದಲಾಯಿಸಿದೆ. ಮುದ್ದೆ ಹೋಗಲಿಲ್ಲ. ಆಮೇಲೆ ಒಂದು ಜುಲೈ ತಿಂಗಳಲ್ಲಿ ಊರಿಂದ ಬಂದ ನೆಂಟರನ್ನು ದೀಪ ತೋರಿಸಲು ಕರೆದುಕೊಂಡು ಹೋಗಿದ್ದೆ. ಸುಮ್ನೆ ಇರಲಿ ಅಂತ ನಾಲ್ಕು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಗೋಪುರದ ಹಿಂದೆ ಕಡುನೀಲಿ ಆಕಾಶ. ಗುಮ್ಮಟದ ಬಣ್ಣ ಕಾಣುತ್ತಿದೆ. ಬಲ್ಬುಗಳು ಒಂದೊಂದಾಗಿ ಎಣಿಸುವಷ್ಟು ಬಿಡಿಬಿಡಿ. ಅವತ್ತು ತಿಳಿದದ್ದು ಎರಡು ವಿಷಯ. ದೀಪ ಹತ್ತುವಾಗ ಆಕಾಶದಲ್ಲಿ ಇನ್ನೂ ಬೆಳಕಿರಬೇಕು. ಬಲ್ಬು ಫೋಟೋದಲ್ಲಿ ಸುಟ್ಟುಹೋಗಬಾರದು. ಕೆಳಗೆ ಬರೆದಿರುವುದೆಲ್ಲ ಈ ಎರಡನ್ನು ಸಾಧಿಸುವ ದಾರಿ.

ಮೊದಲು ಕಟ್ಟಡ ಗೊತ್ತಿರಲಿ

ಹಗಲಲ್ಲಿ ಒಮ್ಮೆ ಹೋಗಿ ಬನ್ನಿ. ಕ್ಯಾಮೆರಾ ಬೇಡ. ಸುಮ್ಮನೆ ನಿಂತು ನೋಡಿ.

ಮೊದಲಿದ್ದ ಮರದ ಅರಮನೆ 1897ರಲ್ಲಿ, ರಾಜಮನೆತನದ ಮದುವೆಯ ಸಮಯದಲ್ಲಿ ಬೆಂಕಿಗೆ ಬಿತ್ತು. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಕಟ್ಟಿದ ಈಗಿನ ಅಂಬಾವಿಲಾಸ ಅರಮನೆ 1912ರಲ್ಲಿ ಮುಗಿಯಿತು. ಸುಟ್ಟುಹೋದ ಅನುಭವ ಇದ್ದದ್ದರಿಂದ ಈ ಸಲ ಕಲ್ಲಿನಲ್ಲೇ ಕಟ್ಟಿದರು. ಮೈಯೆಲ್ಲ ಬೂದು ಬಣ್ಣದ ಗ್ರಾನೈಟ್, ಗುಮ್ಮಟಗಳು ಗುಲಾಬಿ ಬಣ್ಣ. ಈ ಎರಡು ಬಣ್ಣಗಳನ್ನು ನೆನಪಿಟ್ಟುಕೊಳ್ಳಿ. ರಾತ್ರಿ ಫೋಟೋದಲ್ಲಿ ಮೊದಲು ಸಾಯುವುದು ಇವೇ. ಎಲ್ಲವೂ ಕಿತ್ತಳೆಯಾಗಿ ಬಿಡುತ್ತದೆ.

ಮುಂಭಾಗದಲ್ಲಿ ಏಳು ದೊಡ್ಡ ಕಮಾನುಗಳಿವೆ. ಮಧ್ಯದ ಕಮಾನಿನ ಎರಡೂ ಪಕ್ಕ ಒಂದೊಂದು ಚಿಕ್ಕ ಕಮಾನು. ಮಧ್ಯದ ಕಮಾನಿನ ಮೇಲೆ ಗಜಲಕ್ಷ್ಮಿಯ ಶಿಲ್ಪ. ಅಲ್ಲಿಂದ ಕಣ್ಣು ಮೇಲೆ ಹೋದರೆ 145 ಅಡಿ ಎತ್ತರದ ಗೋಪುರ, ತುದಿಯಲ್ಲಿ ಚಿನ್ನದ ಲೇಪದ ಗುಮ್ಮಟ. ನಿಮ್ಮ ಫೋಟೋದ ನಡುಗೆರೆ ಇದೇ. ಗಜಲಕ್ಷ್ಮಿ ಮತ್ತು ಗೋಪುರದ ತುದಿ ಒಂದೇ ನೇರದಲ್ಲಿ ಬರುವಂತೆ ನಿಂತರೆ ನೀವು ಸರಿಯಾಗಿ ಮಧ್ಯದಲ್ಲಿದ್ದೀರಿ ಎಂದರ್ಥ.

ಎಲ್ಲಕ್ಕಿಂತ ಮುಖ್ಯ ಒಂದಿದೆ. ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಅಂದರೆ ನೀವು ಅದರ ಎದುರು ನಿಂತಾಗ ಪಶ್ಚಿಮಕ್ಕೆ ನೋಡುತ್ತಿರುತ್ತೀರಿ. ಸೂರ್ಯ ಮುಳುಗುವುದು ಅರಮನೆಯ ಬೆನ್ನ ಹಿಂದೆ. ಇದು ನಮ್ಮ ಅದೃಷ್ಟ. ಮುಳುಗಿದ ಮೇಲೂ ಅರ್ಧ ಗಂಟೆ ಹತ್ತಿರ ಆ ಕಡೆಯ ಆಕಾಶದಲ್ಲೇ ಬೆಳಕು ಉಳಿಯುವುದು.

ದಿನ ಆರಿಸುವುದು

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಏಕೆಂದರೆ ಅರ್ಧ ಫೋಟೋ ಇಲ್ಲೇ ತೀರ್ಮಾನವಾಗುತ್ತದೆ.

ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಾಮಾನ್ಯವಾಗಿ ಸಂಜೆ 7 ಗಂಟೆಗೆ ದೀಪ ಹಾಕುತ್ತಾರೆ. ಮುಕ್ಕಾಲು ಗಂಟೆಯ ಆಸುಪಾಸು ಉರಿಯುತ್ತದೆ. ದಸರಾದ ದಿನಗಳಲ್ಲಿ ಪ್ರತಿ ಸಂಜೆ ಇರುತ್ತದೆ. ಬೇರೆ ದಿನ ಧ್ವನಿ ಮತ್ತು ಬೆಳಕು ಕಾರ್ಯಕ್ರಮದ ಕೊನೆಗೆ ಸ್ವಲ್ಪ ಹೊತ್ತು ಹಾಕುತ್ತಾರೆ. ಸಮಯ ಆಗಾಗ ಬದಲಾಗುತ್ತದೆ. ಹೊರಡುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ.

ದೀಪದ ಸಮಯ ವರ್ಷವಿಡೀ ಹೆಚ್ಚುಕಡಿಮೆ 7 ಗಂಟೆಯೇ. ಆದರೆ ಸೂರ್ಯ ಮುಳುಗುವ ಸಮಯ ಹಾಗಲ್ಲ. ಮೈಸೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು 5.53ಕ್ಕೇ ಮುಳುಗುತ್ತಾನೆ. ಜುಲೈ ಮೊದಲ ವಾರದಲ್ಲಿ ಸುಮಾರು 6.53ಕ್ಕೆ. ಒಂದು ಗಂಟೆ ವ್ಯತ್ಯಾಸ! ಇದನ್ನು ದೀಪದ ಸಮಯದ ಪಕ್ಕ ಇಟ್ಟು ನೋಡಿ.

ಅಕ್ಟೋಬರ್ ಮಧ್ಯದಲ್ಲಿ, ಅಂದರೆ ದಸರಾ ಹೊತ್ತಿಗೆ, ಸೂರ್ಯಾಸ್ತ ಸುಮಾರು 6.05. ದೀಪ ಹತ್ತುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಕಳೆದು ಆಕಾಶ ಪೂರ್ತಿ ಕಪ್ಪಾಗಿರುತ್ತದೆ. ನವೆಂಬರ್ 1ರ ರಾಜ್ಯೋತ್ಸವದಲ್ಲೂ ಅಷ್ಟೇ. ಜನವರಿ 26ಕ್ಕೆ ಸೂರ್ಯ ಸುಮಾರು 6.22ಕ್ಕೆ ಮುಳುಗುತ್ತಾನೆ, ಅದೂ ತಡವೇ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ 6.34ರ ಸುಮಾರಿಗೆ ಮುಳುಗುವುದರಿಂದ ದೀಪ ಹತ್ತಿದ ಮೊದಲ ಐದು ನಿಮಿಷ ನೀಲಿಯ ಬಾಲ ಸಿಗುತ್ತದೆ. ಮೇ ತಿಂಗಳಲ್ಲಿ ಇನ್ನಷ್ಟು. ಜೂನ್, ಜುಲೈನಲ್ಲಿ ದೀಪ ಹತ್ತುವಾಗ ಸೂರ್ಯ ಮುಳುಗಿ ಬರೀ ಏಳೆಂಟು ನಿಮಿಷ ಆಗಿರುತ್ತದೆ. ಆಗಸ್ಟ್ 15 ಹೇಗೂ ಸರ್ಕಾರಿ ರಜೆ. ಅವತ್ತಿನ ಸೂರ್ಯಾಸ್ತ ಸುಮಾರು 6.44. ಅದೂ ಒಳ್ಳೆಯ ದಿನ, ಜನ ಮಾತ್ರ ಜಾಸ್ತಿ.

ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿಯಾಗಿರುವ ಹೊತ್ತನ್ನು ಫೋಟೋಗ್ರಾಫರುಗಳು ಬ್ಲೂ ಅವರ್ ಅಂತಾರಲ್ಲ, ಅದು ನಮ್ಮ ಅಕ್ಷಾಂಶದಲ್ಲಿ ಗಂಟೆಗಟ್ಟಲೆ ಇರುವುದಿಲ್ಲ. ಸೂರ್ಯ ಇಲ್ಲಿ ಹೆಚ್ಚು ಕಡಿದಾಗಿ ಕೆಳಗಿಳಿಯುತ್ತಾನೆ, ಕತ್ತಲು ಬೇಗ ಕವಿಯುತ್ತದೆ. ಜುಲೈನಲ್ಲಿ 7 ಗಂಟೆಗೆ ದೀಪ ಹತ್ತಿದಾಗ ಆಕಾಶವೇ ಇನ್ನೂ ಜಾಸ್ತಿ ಬೆಳ್ಳಗಿರುತ್ತದೆ, ದೀಪ ಪೇಲವ. 7.10ರಿಂದ 7.20ರ ನಡುವೆ ಎರಡೂ ಸಮ ಆಗುತ್ತವೆ. ಅದೇ ಹದ. 7.25 ದಾಟಿದರೆ ನೀಲಿ ಜಾರಿಹೋಗುತ್ತದೆ. ಪಾಕ ಒಂದೆಳೆ ಬಂದಾಗ ಒಲೆ ಬಿಟ್ಟು ಅಲ್ಲಾಡಬಾರದು ಅಂತಾರಲ್ವಾ, ಹಾಗೆ. ಆ ಹತ್ತು ನಿಮಿಷ ನೆಂಟರ ಜೊತೆ ಮಾತಾಡಬೇಡಿ, ಫೋನ್ ತೆಗೆಯಬೇಡಿ.

ಮಳೆಗಾಲ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಮೈಸೂರಿನ ಜುಲೈ ಮಳೆ ಮಡಿಕೇರಿಯ ಮಳೆಯಲ್ಲ. ಜಿಟಿಜಿಟಿ ಬಂದು ಹೋಗುತ್ತದೆ. ನಮ್ಮಲ್ಲಿ ಜೋರು ಮಳೆ ಸುರಿಯುವುದು ಮೇ ತಿಂಗಳಲ್ಲಿ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ. ಜುಲೈನ ಮೋಡ ಫೋಟೋಗೆ ಒಳ್ಳೆಯದೇ. ಬರೀ ನೀಲಿ ಆಕಾಶಕ್ಕಿಂತ ಒಡೆದ ಮೋಡಗಳ ಆಕಾಶ ಚೆನ್ನ. ಪೂರ್ತಿ ಮುಚ್ಚಿದ ಮೋಡವಿದ್ದರೂ ಆ ಹೊತ್ತಿಗೆ ಅದು ನೀಲಿಯಾಗಿಯೇ ಕಾಣುತ್ತದೆ. ಮೂರು ಭಾನುವಾರ ಹೋದರೆ ಒಂದು ಸಿಗುತ್ತದೆ.

ಇನ್ನೊಂದು ಸಣ್ಣ ಮಾತು. ಜೂನ್-ಜುಲೈನಲ್ಲಿ ಸೂರ್ಯ ವಾಯವ್ಯದ ಕಡೆಗೆ ಸರಿದು ಮುಳುಗುತ್ತಾನೆ. ಅರಮನೆಯ ಎದುರು ನಿಂತವರಿಗೆ ಅದು ಬಲಗಡೆ. ಹಾಗಾಗಿ ಆಕಾಶದ ಬಲಭಾಗ ಸ್ವಲ್ಪ ಹೆಚ್ಚು ಬೆಳಕಾಗಿರುತ್ತದೆ. ನೇರ ಎದುರಿನ ಫೋಟೋದಲ್ಲಿ ಇದು ಕಣ್ಣಿಗೆ ಕುಟ್ಟಿದರೆ, ಎಡಕ್ಕೆ ನಾಲ್ಕು ಹೆಜ್ಜೆ ಸರಿದು ಆ ಬೆಳಕನ್ನು ಗೋಪುರದ ಹಿಂದಕ್ಕೆ ತಂದುಕೊಳ್ಳಿ.

ಚೀಲದಲ್ಲಿ ಏನಿರಬೇಕು

ಕ್ಯಾಮೆರಾ, ಒಂದು ಸಾಧಾರಣ ಜೂಮ್ ಲೆನ್ಸ್, ಚಾರ್ಜ್ ತುಂಬಿದ ಬ್ಯಾಟರಿ, ಲೆನ್ಸ್ ಒರೆಸುವ ಬಟ್ಟೆ ಎರಡು, ಒಂದು ಪ್ಲಾಸ್ಟಿಕ್ ಕವರ್. 24ರಿಂದ 70 ಮಿ.ಮೀ. ಲೆನ್ಸ್ ಇದ್ದರೆ ಸಾಕು (ಮಿ.ಮೀ. ಕಡಿಮೆಯಾದಷ್ಟೂ ನೋಟ ಅಗಲ, ಹೆಚ್ಚಾದಷ್ಟೂ ಹತ್ತಿರ). ಗುಮ್ಮಟಗಳನ್ನು ಹತ್ತಿರದಿಂದ ಹಿಡಿಯುವ ಆಸೆ ಇದ್ದರೆ 100 ಮಿ.ಮೀ. ದಾಟುವ ಲೆನ್ಸ್ ಒಂದು.

ಟ್ರೈಪಾಡ್ ವಿಷಯ ಸ್ವಲ್ಪ ಸೂಕ್ಷ್ಮ. ಅರಮನೆ ಸರ್ಕಾರದ ಉಸ್ತುವಾರಿಯಲ್ಲಿದೆ, ಅರಮನೆ ಮಂಡಳಿ ನೋಡಿಕೊಳ್ಳುತ್ತದೆ. ಆವರಣದೊಳಗೆ ಟ್ರೈಪಾಡ್ ನಿಲ್ಲಿಸಬೇಕಾದರೆ ಮೊದಲೇ ಅನುಮತಿ ಕೇಳಿ. ಗೇಟಿಗೆ ಬಂದು ವಾದ ಮಾಡಿದರೆ ಆ ಹತ್ತು ನಿಮಿಷದ ಹದ ಅಲ್ಲೇ ಕಳೆದುಹೋಗುತ್ತದೆ. ಅನುಮತಿ ಸಿಗದಿದ್ದರೆ ಬೇಸರ ಬೇಡ. ಒಂದು ಸಣ್ಣ ಬಟ್ಟೆ ಚೀಲದಲ್ಲಿ ಅಕ್ಕಿಯನ್ನೋ ರಾಗಿಯನ್ನೋ ಅರ್ಧ ತುಂಬಿ ಒಯ್ಯಿರಿ. ಮೋಟುಗೋಡೆ, ಮೆಟ್ಟಿಲು, ಕಲ್ಲುಬೆಂಚು ಯಾವುದರ ಮೇಲಾದರೂ ಇಟ್ಟು ಕ್ಯಾಮೆರಾವನ್ನು ಅದರೊಳಗೆ ಕೂರಿಸಿ. ಎರಡು ಸೆಕೆಂಡಿನ ಫೋಟೋ ಆರಾಮಾಗಿ ಬರುತ್ತದೆ. ನನ್ನ ಒಳ್ಳೆಯ ಫೋಟೋಗಳಲ್ಲಿ ಹೆಚ್ಚಿನವು ರಾಗಿ ಚೀಲದ ಮೇಲೆ ತೆಗೆದವು.

ಡ್ರೋನ್ ಮನೆಯಲ್ಲೇ ಇರಲಿ. ಭದ್ರತೆಯ ಜಾಗ ಅದು. ಅಷ್ಟೊಂದು ಜನರ ತಲೆಯ ಮೇಲೆ ಹಾರಿಸುವುದು ಅಪಾಯ ಕೂಡ.

ಲೆನ್ಸ್ ಮುಂದೆ ಯುವಿ ಫಿಲ್ಟರ್ ಎಂಬ ಚಪ್ಪಟೆ ಗಾಜು ಇದ್ದರೆ ಬಿಚ್ಚಿಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ಲೆನ್ಸ್ ಕೊಂಡಾಗ ಅಂಗಡಿಯವರು ಹಾಕಿಕೊಟ್ಟ ಫಿಲ್ಟರನ್ನು ನಾನು ಎರಡು ವರ್ಷ ಬಿಚ್ಚಿರಲಿಲ್ಲ. ಪ್ರತಿ ರಾತ್ರಿ ಫೋಟೋದಲ್ಲೂ ಆಕಾಶದ ತುಂಬ ಹಸಿರು ಚುಕ್ಕೆಗಳು. ಲೆನ್ಸೇ ಕೆಟ್ಟಿದೆ ಅಂದುಕೊಂಡಿದ್ದೆ. ಆ ಚುಕ್ಕೆಗಳು ಅರಮನೆಯ ಬಲ್ಬುಗಳೇ. ಬೆಳಕು ಒಳಗಿನ ಗಾಜಿಗೂ ಸೆನ್ಸರಿಗೂ ತಾಗಿ ಹಿಂದಕ್ಕೆ ಬಂದು, ಚಪ್ಪಟೆ ಫಿಲ್ಟರಿನಲ್ಲಿ ಮತ್ತೆ ಪುಟಿದು, ತಲೆಕೆಳಗಾದ ನೆರಳಾಗಿ ಬೀಳುತ್ತದೆ. ಫಿಲ್ಟರ್ ಬಿಚ್ಚಿದ ದಿನ ಎಲ್ಲ ಮಾಯ.

ಎಲ್ಲಿ ನಿಲ್ಲಬೇಕು

6.15ಕ್ಕೆಲ್ಲ ಒಳಗಿರಿ. ಹಗಲಲ್ಲಿ ಪ್ರವಾಸಿಗರು ಒಳಬರುವುದು ದಕ್ಷಿಣದ ವರಾಹ ದ್ವಾರದಿಂದ. ದೀಪದ ಹೊತ್ತಿಗೆ ಯಾವ ಗೇಟು ತೆರೆದಿರುತ್ತದೆ ಎಂದು ಕಾವಲಿನವರನ್ನು ಕೇಳಿಕೊಳ್ಳಿ.

ಮೊದಲ ಜಾಗ, ಪೂರ್ವದ ಜಯಮಾರ್ತಾಂಡ ದ್ವಾರದ ನೇರ. ಇಲ್ಲಿಂದ ಅರಮನೆ ದೂರ, ಹಾಗಾಗಿ 50 ಮಿ.ಮೀ. ಹತ್ತಿರದ ಲೆನ್ಸ್ ಸಾಕು. ದೂರ ನಿಂತಷ್ಟೂ ಗೋಪುರದ ಗೆರೆಗಳು ನೆಟ್ಟಗಿರುತ್ತವೆ. ಕಮಾನಿನ ಒಳಗಿಂದ ಚೌಕಟ್ಟು ಕಟ್ಟಬೇಕೆಂದರೂ ಇಲ್ಲೇ. ದ್ವಾರಕ್ಕೂ ದೀಪ ಇರುವುದರಿಂದ ಚೌಕಟ್ಟು ಕಪ್ಪಾಗುವುದಿಲ್ಲ. ಆದರೆ ಇಲ್ಲಿ ಜನ ನುಗ್ಗುತ್ತಾರೆ. ದಾರಿಗೆ ಅಡ್ಡ ನಿಲ್ಲದೆ ಬದಿಗೆ ನಿಲ್ಲಿ.

ಎರಡನೆಯದು ಅರಮನೆ ಮುಂದಿನ ಬಯಲು. 24 ಮಿ.ಮೀ. ಇಲ್ಲಿಗೆ ಸರಿ. ಕಂಚಿನ ಹುಲಿಗಳಿವೆಯಲ್ಲ, ಅವನ್ನು ಮುಂದೆ ಇಟ್ಟುಕೊಂಡು ಹಿಂದೆ ಅರಮನೆ ಬರುವಂತೆ ಕೂತು ತೆಗೆಯಿರಿ. ಬರೀ ಕಟ್ಟಡಕ್ಕಿಂತ ಇದು ಆಳ ಕೊಡುತ್ತದೆ. ರಾಬರ್ಟ್ ವಿಲಿಯಂ ಕೋಲ್ಟನ್ ಮಾಡಿದ ಈ ಹುಲಿಗಳನ್ನು ದೀಪದ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ, ಪಾಪ.

ಮೂರನೆಯದು ದಕ್ಷಿಣದ ಮೂಲೆ. ಶ್ವೇತ ವರಾಹಸ್ವಾಮಿ ದೇವಸ್ಥಾನದ ಕಡೆಯಿಂದ ಓರೆಯಾಗಿ ನೋಡಿದರೆ ಗುಮ್ಮಟಗಳು ಒಂದರ ಹಿಂದೆ ಒಂದು ಸಾಲು ನಿಲ್ಲುತ್ತವೆ. ದೇವಸ್ಥಾನದ ಗೋಪುರಕ್ಕೂ ಅರಮನೆಯ ಗೋಪುರಕ್ಕೂ ಇರುವ ಅಂತರ ಆಗ ತಿಳಿಯುತ್ತದೆ. ನನಗೆ ಇದು ಎದುರಿನ ನೋಟಕ್ಕಿಂತ ಇಷ್ಟ.

ಮಳೆ ಬಂದು ನಿಂತಿದ್ದರೆ ಈ ಮೂರನ್ನೂ ಮರೆತು ನೀರು ನಿಂತ ಜಾಗ ಹುಡುಕಿ. ಊಟದ ತಟ್ಟೆಯಷ್ಟು ಅಗಲದ ಗುಂಡಿ ಸಾಕು. ಕ್ಯಾಮೆರಾವನ್ನು ನೀರಿಗೆ ತಾಗುವಷ್ಟು ಕೆಳಗೆ ತನ್ನಿ. ಇಡೀ ಅರಮನೆ ಅದರಲ್ಲಿ ಇಳಿಯುತ್ತದೆ. ಇಂಥ ಫೋಟೋಗೆ ಫೋನೇ ವಾಸಿ. ಅದನ್ನು ತಲೆಕೆಳಗು ಹಿಡಿದರೆ ಲೆನ್ಸ್ ನೆಲಕ್ಕೆ ಒಂದು ಬೆರಳಷ್ಟು ಮೇಲಿರುತ್ತದೆ.

ಚೌಕಟ್ಟು ಕಟ್ಟುವುದು, ಫೋಕಸ್ ಹಿಡಿಯುವುದು

ಇದೆಲ್ಲ ದೀಪ ಹತ್ತುವ ಮೊದಲೇ ಮುಗಿಯಬೇಕು.

ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಡಿ. ಓರೆ ಮಾಡಿದರೆ ಅರಮನೆ ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತದೆ. ಮಟ್ಟವಾಗಿ ಹಿಡಿಯಿರಿ. ಕೆಳಗೆ ನೆಲ ಜಾಸ್ತಿ ಬಂದರೆ ಬರಲಿ, ಆಮೇಲೆ ಕತ್ತರಿಸಬಹುದು. ಗೋಪುರದ ಮೇಲೆ ಆಕಾಶಕ್ಕೆ ಧಾರಾಳ ಜಾಗ ಬಿಡಿ.

ಬೆಳಕಿರುವಾಗಲೇ ಕಮಾನಿನ ಅಂಚಿಗೆ ಆಟೋಫೋಕಸ್ ಮಾಡಿ, ತಕ್ಷಣ ಮ್ಯಾನುಯಲ್‌ಗೆ ಬದಲಾಯಿಸಿ. ಆಮೇಲೆ ಆ ರಿಂಗ್ ಮುಟ್ಟಬೇಡಿ. ದೀಪ ಹತ್ತಿದ ಮೇಲೆ ಕ್ಯಾಮೆರಾ ಬಲ್ಬುಗಳನ್ನು ನೋಡಿ ಗೊಂದಲಕ್ಕೆ ಬೀಳುತ್ತದೆ.

ಟ್ರೈಪಾಡ್ ಅಥವಾ ಚೀಲದ ಮೇಲೆ ಇಟ್ಟಿದ್ದರೆ ಕೈ ಅಲುಗಾಟ ಸರಿಪಡಿಸುವ ಇಮೇಜ್ ಸ್ಟೆಬಿಲೈಸೇಶನ್ ಆಫ್ ಮಾಡಿ. ಎರಡು ಸೆಕೆಂಡಿನ ಟೈಮರ್ ಹಾಕಿ. ಬೆರಳು ಒತ್ತಿದ ಅಲುಗಾಟ ಅಷ್ಟರಲ್ಲಿ ನಿಲ್ಲುತ್ತದೆ. ಆಷಾಢದ ಗಾಳಿ ಗೊತ್ತಲ್ಲ, ಅದು ಟ್ರೈಪಾಡನ್ನೂ ನಡುಗಿಸುತ್ತದೆ. ಮಧ್ಯದ ಕೊಕ್ಕೆಗೆ ನಿಮ್ಮ ಚೀಲ ನೇತುಹಾಕಿ. ಕುತ್ತಿಗೆಗೆ ಹಾಕುವ ಪಟ್ಟಿಯನ್ನು ಕ್ಯಾಮೆರಾದಿಂದ ಬಿಚ್ಚಿ, ಇಲ್ಲದಿದ್ದರೆ ಅದು ಗಾಳಿಗೆ ಹಾಯಿಯಂತೆ ಎಳೆಯುತ್ತದೆ.

ಮತ್ತೊಂದು ಕೆಲಸ. ದೀಪ ಹತ್ತುವ ಮೊದಲು, 6.55ರ ಸುಮಾರಿಗೆ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಲ್ಲಿನ ಬೂದು ಬಣ್ಣ, ಗುಮ್ಮಟದ ಗುಲಾಬಿ ಇದರಲ್ಲಿ ಇದ್ದ ಹಾಗೇ ಉಳಿದಿರುತ್ತವೆ. ಕ್ಯಾಮೆರಾ ಅಲುಗಾಡಿಲ್ಲದಿದ್ದರೆ ಆಮೇಲೆ ಎರಡನ್ನೂ ಬೆರೆಸಬಹುದು. ಬೆರೆಸದಿದ್ದರೂ ನಿಜವಾದ ಬಣ್ಣ ಯಾವುದು ಎಂದು ನೋಡಿಕೊಳ್ಳಲು ಬೇಕು.

ಎಕ್ಸ್‌ಪೋಶರ್: ಬಲ್ಬಿಗೆ ಅಳೆಯಿರಿ

ಅರಮನೆಗೆ ಸುಮಾರು 97 ಸಾವಿರ ಬಲ್ಬುಗಳಿವೆ ಎನ್ನುತ್ತಾರೆ. ಅವು ಕಟ್ಟಡದ ಮೇಲೆ ಬೆಳಕು ಚೆಲ್ಲುವ ಫ್ಲಡ್‌ಲೈಟುಗಳಲ್ಲ. ಪ್ರತಿ ಗೆರೆಯನ್ನೂ, ಪ್ರತಿ ಕಮಾನಿನ ಅಂಚನ್ನೂ ಬರೆಯುವ ಚುಕ್ಕಿಗಳು. ರಂಗೋಲಿಯ ಚುಕ್ಕಿ ಇದ್ದ ಹಾಗೆ. ಚುಕ್ಕಿ ಚುಕ್ಕಿಯಾಗಿ ಕಂಡರೇ ರಂಗೋಲಿ. ಚುಕ್ಕಿ ಹರಡಿ ಒಂದಕ್ಕೊಂದು ಸೇರಿಬಿಟ್ಟರೆ ಬರೀ ಹಿಟ್ಟು.

ಕ್ಯಾಮೆರಾದ ಆಟೋ ಮೋಡ್ ಇಡೀ ದೃಶ್ಯವನ್ನು ನೋಡುತ್ತದೆ. ಕತ್ತಲು ಜಾಸ್ತಿ ಇದೆ ಎಂದು ಬೆಳಕು ಏರಿಸುತ್ತದೆ. ಬಲ್ಬುಗಳು ಊದಿಕೊಳ್ಳುತ್ತವೆ. ಅಲ್ಲಿಂದಲೇ ಆ ಹಳದಿ ಮುದ್ದೆ. ಹಾಗಾಗಿ ಮ್ಯಾನುಯಲ್ ಮೋಡ್‌ಗೆ ಹೋಗಿ.

ಶುರು ಮಾಡಲು ಒಂದು ಲೆಕ್ಕ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿರಿದು) ಎಫ್ 8, ಶಟರ್ (ಬೆಳಕು ಒಳಬರುವ ಹೊತ್ತು) 2 ಸೆಕೆಂಡ್. ಇದು ಆಕಾಶ ಮತ್ತು ದೀಪ ಸಮವಾಗುವ ಹೊತ್ತಿನದು. ದೀಪ ಹತ್ತಿದ ಹೊಸತರಲ್ಲಿ ಆಕಾಶ ಬೆಳ್ಳಗಿರುವಾಗ ಅರ್ಧ ಸೆಕೆಂಡ್ ಅಥವಾ ಇನ್ನೂ ಕಡಿಮೆ ಸಾಕು. ಒಂದು ಫೋಟೋ ತೆಗೆದು ಪರದೆಯ ಮೇಲೆ ಬಲ್ಬುಗಳ ಸಾಲನ್ನು ದೊಡ್ಡದು ಮಾಡಿ ನೋಡಿ. ಬಲ್ಬು ಮತ್ತು ಬಲ್ಬಿನ ನಡುವೆ ಕಲ್ಲು ಕಾಣುತ್ತಿದೆಯಾ? ಕಂಡರೆ ಸರಿ. ಬೆಳಕಿನ ಪಟ್ಟಿಯಾಗಿದ್ದರೆ ಶಟರ್ ಅರ್ಧಕ್ಕೆ ಇಳಿಸಿ. ಬಲ್ಬಿನ ನಟ್ಟನಡುವಿನ ಬಿಂದು ಬೆಳ್ಳಗಾಗುವುದು ಸಹಜ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಸುತ್ತಲಿನ ಕಲ್ಲು ಬೆಳ್ಳಗಾಗಬಾರದು, ಅಷ್ಟೆ.

ಪ್ರತಿ ಎರಡು ನಿಮಿಷಕ್ಕೆ ಆಕಾಶ ಬದಲಾಗುತ್ತದೆ, ದೀಪ ಮಾತ್ರ ಅಷ್ಟೇ ಇರುತ್ತದೆ. ದೀಪಕ್ಕೆ ಸರಿಹೋದ ಶಟರ್ ಒಮ್ಮೆ ಸಿಕ್ಕಿತೆಂದರೆ ಅದನ್ನು ಹಾಗೇ ಬಿಟ್ಟು ಎರಡೆರಡು ನಿಮಿಷಕ್ಕೆ ಒಂದು ಫೋಟೋ ತೆಗೆಯುತ್ತಾ ಹೋಗಿ. ಆಕಾಶ ತಾನಾಗಿಯೇ ಇಳಿದು ಹದಕ್ಕೆ ಬರುತ್ತದೆ. ಹುಷಾರಿಗೆ ಒಂದು ಸ್ಟಾಪ್ ಕಡಿಮೆ (ಅರ್ಧ ಬೆಳಕು), ಒಂದು ಸ್ಟಾಪ್ ಹೆಚ್ಚು (ಎರಡು ಪಟ್ಟು ಬೆಳಕು) ಕೂಡ ತೆಗೆದಿಡಿ. ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ. ಕತ್ತಲೆಯಿಂದ ವಿವರ ಎತ್ತಬಹುದು. ಸುಟ್ಟ ಬೆಳಕಿನಿಂದ ಏನೂ ಬರುವುದಿಲ್ಲ.

ಅಪರ್ಚರ್ ಎಫ್ 16ಕ್ಕೆ ಕಿರಿದು ಮಾಡಿದರೆ ಬಲ್ಬುಗಳು ನಕ್ಷತ್ರದಂತೆ ಕಿರಣ ಬಿಡುತ್ತವೆ. ಒಂದು ಬೀದಿದೀಪಕ್ಕೆ ಅದು ಚೆಂದ. ಸಾವಿರಾರು ಬಲ್ಬುಗಳಿಗೆ ಬೇಡ, ಕಿರಣಕ್ಕೆ ಕಿರಣ ಹೆಣೆದುಕೊಂಡು ಮತ್ತೆ ಮಸುಕಾಗುತ್ತದೆ. ಎಫ್ 8 ಸಾಕು.

ಏನೂ ಆಸರೆ ಇಲ್ಲದೆ ಕೈಯಲ್ಲೇ ಹಿಡಿಯಬೇಕಾಗಿ ಬಂದರೆ ಐಎಸ್‌ಒ 1600, ಎಫ್ 4, ಸೆಕೆಂಡಿನ 30ನೇ ಒಂದು ಭಾಗ. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಒಮ್ಮೆಗೆ ನಾಲ್ಕೈದು ಫೋಟೋ. ಅದರಲ್ಲಿ ಒಂದು ಸ್ಪಷ್ಟವಾಗಿರುತ್ತದೆ.

ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವುದನ್ನು, ಆಟೋದಲ್ಲಿ ಬಿಡಬೇಡಿ. ಒಂದು ಫೋಟೋ ಕಿತ್ತಳೆ, ಇನ್ನೊಂದು ಬಿಳಿ ಬರುತ್ತದೆ. ಸುಮಾರು 3400 ಕೆಲ್ವಿನ್‌ಗೆ ನಿಲ್ಲಿಸಿ. 2800ಕ್ಕೆ ಇಳಿಸಿದರೆ ಬಲ್ಬು ಟ್ಯೂಬ್‌ಲೈಟಿನಂತೆ ಬೆಳ್ಳಗಾಗಿ ಬೆಚ್ಚನೆಯ ಹೊನ್ನು ಬಣ್ಣ ಹೋಗುತ್ತದೆ. 5000 ದಾಟಿದರೆ ಗುಮ್ಮಟ ಸಮೇತ ಎಲ್ಲ ಕಿತ್ತಳೆ, ಆಕಾಶದ ನೀಲಿಯೂ ಕೆಡುತ್ತದೆ.

ಫೋನ್‌ನಲ್ಲಿ ತೆಗೆಯುವವರಿಗೆ

ಮೊದಲು ಲೆನ್ಸ್ ಒರೆಸಿ. ಜೇಬಿನ ಜಿಡ್ಡು ಇದ್ದರೆ ಪ್ರತಿ ಬಲ್ಬಿನಿಂದಲೂ ಒಂದು ಉದ್ದ ಗೀರು ಏಳುತ್ತದೆ.

ಮುಖ್ಯ ಲೆನ್ಸ್, ಅಂದರೆ ಒಂದು ಪಟ್ಟು ಎಂದು ತೋರಿಸುವುದನ್ನೇ ಬಳಸಿ. ಅಗಲದ ಲೆನ್ಸ್ ಕತ್ತಲಲ್ಲಿ ದುರ್ಬಲ. ಪರದೆಯ ಮೇಲೆ ಬಲ್ಬುಗಳು ದಟ್ಟವಾಗಿರುವ ಕಡೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಫೋಕಸ್, ಬೆಳಕು ಎರಡೂ ಅಲ್ಲಿಗೆ ಲಾಕ್ ಆಗುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಕಲ್ಲು ಕಾಣುವವರೆಗೆ ಎಳೆಯಿರಿ. ಮುಗಿಯಿತು. ಹತ್ತರಲ್ಲಿ ಒಂಬತ್ತು ಫೋನ್ ಫೋಟೋ ಇಷ್ಟರಿಂದಲೇ ಸರಿಹೋಗುತ್ತವೆ.

ನೈಟ್ ಮೋಡ್ ಹಲವು ಫೋಟೋಗಳನ್ನು ಸೇರಿಸಿ ಒಂದು ಮಾಡುತ್ತದೆ. ಅದು ಆಕಾಶವನ್ನು ಬೂದಿ ಬಣ್ಣಕ್ಕೆ ಎತ್ತಿ, ರಾತ್ರಿಯನ್ನು ಹಗಲು ಮಾಡಲು ಹೋಗುತ್ತದೆ. ನೀಲಿ ಇರುವ ಹೊತ್ತಿನಲ್ಲಿ ಅದು ಬೇಕಿಲ್ಲ. ಫ್ಲ್ಯಾಶ್ ಆಫ್ ಇರಲಿ. ಅರಮನೆಗೆ ಅದು ತಲುಪುವುದಿಲ್ಲ, ಮುಂದೆ ನಿಂತವರ ತಲೆಗೆ ಮಾತ್ರ ಬೀಳುತ್ತದೆ.

ಜನ, ಹುಳು, ಮಳೆ

ದೀಪ ಹತ್ತಿದ ಕ್ಷಣ ಇಡೀ ಬಯಲು ಒಟ್ಟಿಗೆ "ಓ..." ಅನ್ನುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಆ ಹೊತ್ತಿಗೆ ಕ್ಯಾಮೆರಾ ಟೈಮರಿನಲ್ಲಿರಲಿ, ನೀವು ನೋಡಿ.

ಜನ ಅಡ್ಡ ಬರುತ್ತಾರೆ ಎಂದು ಸಿಟ್ಟಾಗಬೇಡಿ. ಅಪ್ಪನ ಹೆಗಲ ಮೇಲೆ ಕೂತ ಮಗು, ಹಿಂದಿನಿಂದ ಕಂಡರೆ, ಅರಮನೆ ಎಷ್ಟು ದೊಡ್ಡದು ಎಂದು ಯಾವ ಲೆನ್ಸಿಗಿಂತ ಚೆನ್ನಾಗಿ ಹೇಳುತ್ತದೆ. ಮುಖ ಕಾಣುವಂತೆ ತೆಗೆಯುವುದಾದರೆ ಕೇಳಿ ತೆಗೆಯಿರಿ. ಜನ ಬೇಡವೇ ಬೇಡ ಎಂದರೆ ಅದೇ ಚೌಕಟ್ಟಿನಲ್ಲಿ ಎಂಟು ಹತ್ತು ಫೋಟೋ ತೆಗೆದು ಆಮೇಲೆ ಸೇರಿಸಿ. ನಡೆದಾಡುವವರು ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ಅಳಿಸುವುದು ಸುಲಭ.

ಮಳೆಗಾಲದಲ್ಲಿ ದೀಪಕ್ಕೆ ಹುಳುಗಳು ಮುತ್ತುತ್ತವೆ. ಎರಡು ಸೆಕೆಂಡಿನಲ್ಲಿ ಅವು ಬಿಳಿ ದಾರದಂತೆ ಗೆರೆ ಎಳೆಯುತ್ತವೆ. ಲೆನ್ಸಿನ ಮುಂದೆಯೇ ಹಾರಿದ್ದರೆ ಇನ್ನೊಂದು ತೆಗೆಯಿರಿ. ಹನಿ ಬಿದ್ದರೆ ಕ್ಯಾಮೆರಾಗೆ ಕವರ್ ಹಾಕಿ, ಪ್ರತಿ ಫೋಟೋಗೆ ಮೊದಲು ಲೆನ್ಸ್ ನೋಡಿಕೊಳ್ಳಿ. ಒಂದೇ ಹನಿ ಗೋಪುರದ ಮೇಲೆ ಕೂತು ಇಡೀ ಸಂಜೆಯ ಕೆಲಸ ಹಾಳು ಮಾಡಬಲ್ಲದು.

7.25ರ ನಂತರ ಆಕಾಶ ಕಪ್ಪಾದಾಗ ಮನೆಗೆ ಹೊರಡಬೇಡಿ. ಆಗ ಉದ್ದ ಲೆನ್ಸ್ ಹಾಕಿ ತುಣುಕುಗಳನ್ನು ತೆಗೆಯಿರಿ. ಒಂದು ಗುಮ್ಮಟ, ಎರಡು ಕಮಾನು, ಜಯಮಾರ್ತಾಂಡ ದ್ವಾರದ ಮೇಲಿನ ಲಾಂಛನ. ಆಕಾಶವೇ ಇಲ್ಲದ ಚೌಕಟ್ಟಿಗೆ ಕಪ್ಪು ಆಕಾಶದ ಚಿಂತೆ ಇಲ್ಲ. ದಸರಾದಲ್ಲೂ ನಾನು ಈಗ ಇವನ್ನೇ ತೆಗೆಯುವುದು.

ಊರಿನ ಉಳಿದ ಕಟ್ಟಡಗಳು

ಭಾನುವಾರ ಸಿಗದಿದ್ದರೆ ಅಭ್ಯಾಸಕ್ಕೆ ಮೈಸೂರಿನಲ್ಲಿ ಕಟ್ಟಡಗಳಿಗೇನು ಬರ. 1895ರಲ್ಲಿ ಮುಗಿದ ಹಳೆಯ ಡಿಸಿ ಕಚೇರಿ, ಹಿರಿಯರ ಬಾಯಲ್ಲಿ ಅಠಾರಾ ಕಚೇರಿ, ನನ್ನ ಮೆಚ್ಚಿನದು. ಎದುರಿಗೆ ಬ್ರಿಟಿಷ್ ಅಧಿಕಾರಿ ಸರ್ ಜೇಮ್ಸ್ ಗಾರ್ಡನ್ ಪ್ರತಿಮೆ ಇದೆ. ಪ್ರತಿಮೆಯನ್ನು ಕಪ್ಪು ಆಕೃತಿಯಾಗಿ ಮುಂದಿಟ್ಟು ಗುಮ್ಮಟವನ್ನು ಹಿಂದಿಡಬಹುದು. ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಹಾಲ್, 1927ರ ದೊಡ್ಡ ಗಡಿಯಾರ ಕೂಡ ಒಳ್ಳೆಯವೇ. ಇವುಗಳಿಗೆ ಬಲ್ಬಿನ ಗೆರೆ ಇಲ್ಲದ ದಿನ ಬೀದಿದೀಪವೇ ಆಸರೆ. ಆಗ 10, 15 ಸೆಕೆಂಡ್ ಬೇಕಾಗುತ್ತದೆ. ಹುಣ್ಣಿಮೆಯ ಆಸುಪಾಸು ಹೋದರೆ ಕಲ್ಲಿನ ಮೇಲೆ ಮೆದು ಬೆಳಕು ಸಿಗುತ್ತದೆ. ಸರ್ಕಾರಿ ಕಚೇರಿಗಳನ್ನು ರಸ್ತೆಯಿಂದ ತೆಗೆಯುವುದೇ ವಾಸಿ. ಕಾಂಪೌಂಡ್ ಒಳಗೆ ಹೋಗಬೇಕಾದರೆ ಕಾವಲಿನವರಿಗೆ ಏನು ಮಾಡುತ್ತಿದ್ದೀರಿ ಎಂದು ಮೊದಲೇ ತಿಳಿಸಿ, ಒಂದೆರಡು ಫೋಟೋ ತೋರಿಸಿ.

ದಸರಾದಲ್ಲಿ ಇವಕ್ಕೆ ಎಲ್‌ಇಡಿ ಬಣ್ಣದ ಬೆಳಕು ಬಿಡುವುದುಂಟು. ಅಲ್ಲಿ ಬೇರೆ ತೊಂದರೆ. ನೀಲಿ, ನೇರಳೆ ಬೆಳಕಿನಲ್ಲಿ ಸಾಮಾನ್ಯ ಹಿಸ್ಟೋಗ್ರಾಮ್ (ಫೋಟೋದ ಕತ್ತಲು-ಬೆಳಕಿನ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಆದರೆ ನೀಲಿ ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ. ಗೋಡೆಯ ಕೆತ್ತನೆ ಎಲ್ಲ ಅಳಿಸಿಹೋಗುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಬೇರೆ ಬೇರೆ ನೋಡಿ, ಒಂದು ಸ್ಟಾಪ್ ಇಳಿಸಿ.

ಚಾಮುಂಡಿ ಬೆಟ್ಟದಿಂದ ಅರಮನೆ ಕಾಣುವ ನೋಟ ಬೇಕೆಂದರೆ 200 ಮಿ.ಮೀ. ಲೆನ್ಸ್ ಬೇಕು. ಬೆಟ್ಟದಿಂದ ಊರು ವಾಯವ್ಯಕ್ಕೆ ಇರುವುದರಿಂದ ಜುಲೈ ಸಂಜೆಯ ಬೆಳಕು ಇಲ್ಲೂ ಊರಿನ ಹಿಂದೆಯೇ ಬರುತ್ತದೆ. ಮಳೆ ಬಂದು ತೊಳೆದ ಸಂಜೆ ಗಾಳಿ ತಿಳಿಯಾಗಿರುತ್ತದೆ, ಅಂಥ ದಿನ ಹೋಗಿ. ವಾಪಸ್ ಬರುವ ದಾರಿಯ ಸಮಯ ವಿಚಾರಿಸಿಕೊಂಡು ಹತ್ತಿ.

ಮನೆಗೆ ಬಂದ ಮೇಲೆ

ಫೋಟೋ ತಿದ್ದಲು ಲೈಟ್‌ರೂಮ್ ಆಗಲಿ, ಫೋನಿನ ಸ್ನ್ಯಾಪ್‌ಸೀಡ್ ಆಗಲಿ, ಕೆಲಸ ಒಂದೇ. ಮೊದಲು ಗೆರೆಗಳನ್ನು ನೆಟ್ಟಗೆ ಮಾಡಿ. ಹೈಲೈಟ್ (ತೀರಾ ಬೆಳಕಿನ ಭಾಗ) ಇಳಿಸಿ, ನೆರಳನ್ನು ಸ್ವಲ್ಪ ಎತ್ತಿ. ಆಮೇಲೆ 6.55ರ ಫೋಟೋ ಪಕ್ಕಕ್ಕೆ ಇಟ್ಟು ಗುಮ್ಮಟದ ಬಣ್ಣ ನೋಡಿ. ದೀಪದ ಬೆಳಕಲ್ಲಿ ಅದು ಹೊನ್ನಿನ ಕಡೆಗೆ ವಾಲಬೇಕು, ಆದರೆ ಗುಲಾಬಿ ಎಂಬ ಸುಳಿವು ಉಳಿದಿರಬೇಕು. ಆಕಾಶದ ನೀಲಿಯನ್ನು ಎಳೆದು ನೇರಳೆ ಮಾಡಬೇಡಿ. ಅಂಚುಗಳನ್ನು ಎದ್ದು ಕಾಣಿಸುವ ಕ್ಲ್ಯಾರಿಟಿ ಜಾಸ್ತಿ ಹಾಕಿದರೆ ಪ್ರತಿ ಬಲ್ಬಿನ ಸುತ್ತ ಕೊಳಕು ಉಂಗುರ ಏಳುತ್ತದೆ. ಅದನ್ನು ಮುಟ್ಟದಿದ್ದರೂ ನಡೆಯುತ್ತದೆ.

ಪ್ರಿಂಟ್ ಹಾಕಿಸಿ. ಫೋನಿನ ಪರದೆಯಲ್ಲಿ ಆ ಬಲ್ಬುಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಕನಿಷ್ಠ 12ಕ್ಕೆ 18 ಇಂಚು. ಹೊಳಪಿನ ಕಾಗದ ಬೇಡ, ಕೋಣೆಯ ಟ್ಯೂಬ್‌ಲೈಟ್ ಅದರ ಕಪ್ಪು ಭಾಗದಲ್ಲಿ ಪ್ರತಿಫಲಿಸುತ್ತದೆ. ಮ್ಯಾಟ್ ಕಾಗದ ಹೇಳಿ. ಕಾಗದದ ಮೇಲೆ ರಾತ್ರಿ ಫೋಟೋ ಪರದೆಗಿಂತ ಮಂಕಾಗಿಯೇ ಬರುತ್ತದೆ. ಹಾಗಾಗಿ ಕೊಡುವ ಫೈಲನ್ನು ಸ್ವಲ್ಪ ಬೆಳಕು ಮಾಡಿ, ಮೊದಲು ಒಂದು ಸಣ್ಣ ಪ್ರಿಂಟ್ ತೆಗೆಸಿ ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಹಿಡಿದು ನೋಡಿ. ಕಮಾನಿನ ಒಳಗಿನ ಕಂಬಗಳು ಕಂಡರೆ ದೊಡ್ಡದಕ್ಕೆ ಹೇಳಿ. ಕಾಣದಿದ್ದರೆ ನೆರಳನ್ನು ಇನ್ನೊಂದಿಷ್ಟು ಎತ್ತಿ.